ಕಲಾಯಿ ಹಫೀಜನ ಆರು ಚಮಚ

ಶ್ರೀರಂಗಪಟ್ಟಣದ ಕೋಟೆಯೊಳಗೆ ಕಲಾಯಿ ಹಫೀಜನನ್ನು ತಿಳಿಯದವರಿರಲಿಲ್ಲ. ತಿಳಿದು ಏನು ಬಂತು ಹೇಳಿ, ಕೆಲಸ ಕೊಡುವವರು ಮಾತ್ರ ಒಬ್ಬರೂ ಉಳಿದಿರಲಿಲ್ಲ. ಒಂದು ಕಾಲದಲ್ಲಿ ಅವನು ಸೈಕಲ್ಲಿನ ಹಿಂದೆ ಗಾಳಿ ಊದುವ ತಿದಿ ಕಟ್ಟಿಕೊಂಡು, ಚೀಲದಲ್ಲಿ ತವರದ ಕಡ್ಡಿ, ನವಸಾಗರದ ಪುಡಿ, ಹತ್ತಿ ತುಂಬಿಕೊಂಡು ಹೊರಟರೆ ಪಾಂಡವಪುರ, ಮೇಲುಕೋಟೆ, ಕೆ.ಆರ್. ಪೇಟೆ, ದೇವಲಾಪುರ, ನಾಗಮಂಗಲ ಸುತ್ತಿ ಬರಲು ಹದಿನೈದು ದಿನ ಹಿಡಿಯುತ್ತಿತ್ತು. ಊರ ಮುಂದೆ ಗುಂಡಿ ತೋಡಿ ಇದ್ದಿಲು ಉರಿಸಿ ಕೂತನೆಂದರೆ ಹೆಂಗಸರು ಹಿತ್ತಾಳೆ ಪಾತ್ರೆ ಹೊತ್ತು ಸಾಲು ನಿಲ್ಲುತ್ತಿದ್ದರು. ಕಾದ ಪಾತ್ರೆಗೆ ತವರ ತಾಗಿಸಿ ಹತ್ತಿಯಲ್ಲಿ ಒಂದು ಸುತ್ತು ಬಳಿದು, "ತಗಳವ್ವ, ಇದ್ರಲ್ಲಿ ನೋಡ್ಕಂಡು ಕುಂಕುಮ ಇಟ್ಕಬೌದು" ಎಂದು ಕೊಡುತ್ತಿದ್ದ. ಆಮೇಲೆ ಸ್ಟೀಲು ಬಂತು. ಹಾಳಾದ ಸ್ಟೀಲು! ಕಲಾಯಿ ಬೇಡ, ಹುಣಸೆಹಣ್ಣು ಬೇಡ, ಹಫೀಜನೂ ಬೇಡ. ಐವತ್ತೆರಡನೇ ವಯಸ್ಸಿಗೆ ಅವನ ತಿದಿ ಹಿತ್ತಲ ಶೆಡ್ಡಿನಲ್ಲಿ ಬೆಕ್ಕು ಮರಿ ಹಾಕುವ ಜಾಗವಾಯಿತು.

ಕೆಲಸ ಹೋದರೂ ಬಿಂಕ ಹೋಗಲಿಲ್ಲ. ಯಾರ ಮನೆಗೆ ಹೋದರೂ ಪಾತ್ರೆ ಎತ್ತಿ ಬೆಳಕಿಗೆ ಹಿಡಿದು, "ಯಾರು ಹಾಕಿದ್ದು ಇದು, ಥೂ" ಎನ್ನುವುದು ಬಿಡಲಿಲ್ಲ. ಆದರೆ ಅವನ ಮನೆಯ ಅಡುಗೆಮನೆಗೆ ಹೋಗಿ ನೋಡಿ. ಬಿರಿಯಾನಿ ದೇಗ್ಚಿಯ ಒಳಮೈ ಕಪ್ಪು, ಸಾರಿನ ಪಾತ್ರೆ ಕಪ್ಪು. ಹೆಂಡತಿ ಶಾಹಜಹಾನ್ ಬೇಗಂ ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದಳು. ಅವನು ಇಪ್ಪತ್ತಾರು ವರ್ಷದಿಂದ "ನಾಳೆ" ಎನ್ನುತ್ತಲೇ ಇದ್ದ. ಊರೂರ ಪಾತ್ರೆ ಬೆಳಗಿ ದಣಿದು ಬಂದವನಿಗೆ ಮನೆಯ ಪಾತ್ರೆ ಕಣ್ಣಿಗೆ ಬೀಳಲಿಲ್ಲವಂತೆ. ಕೆಲಸವೇ ಇಲ್ಲದ ಮೇಲಾದರೂ ಬಿತ್ತೇ? ಇಲ್ಲ.

ತೊಂಬತ್ತಾರರ ಮಳೆಗಾಲ ಕಳೆದು ಮಗಳು ಮೆಹನಾಜಳ ಮದುವೆ ನಿಶ್ಚಯವಾಯಿತು. ಹುಡುಗ ಪಾಂಡವಪುರದವನು, ಲಾರಿ ಮೆಕ್ಯಾನಿಕ್ಕು. ಬಕ್ರೀದ್ ಮುಗಿದು ಮೊಹರಂ ಚಂದ್ರ ಕಾಣುವುದರೊಳಗೆ, ಏಪ್ರಿಲ್ ಕೊನೆಯ ಭಾನುವಾರ ನಿಕಾಹ್ ಎಂದು ಹಿರಿಯರು ಗೊತ್ತು ಮಾಡಿದರು. ಮಾರನೆಯ ದಿನವೇ ಶಾಹಜಹಾನ್ ಬೇಗಂ ಟ್ರಂಕಿನ ತಳದಿಂದ ಒಂದು ಬಟ್ಟೆಗಂಟು ತೆಗೆದಳು. ಒಳಗೆ ಆರು ಹಿತ್ತಾಳೆ ಚಮಚ. ಅವಳ ತಾಯಿ ನಾಗಮಂಗಲದ ಕಂಚುಗಾರರ ಕೈಯಲ್ಲಿ ಹೇಳಿ ಮಾಡಿಸಿ ಮಗಳ ಜೊತೆ ಕಳಿಸಿದ್ದು. ಗಿಡ್ಡ ಹಿಡಿ, ಅಗಲ ಬಾಯಿ, ಹಿಡಿಯ ಮೇಲೆ ಒಂದು ದಾಳಿಂಬೆ ಹೂವು. ಹಬ್ಬದ ದಿನ ಶೀರ್ ಖುರ್ಮಾ ಪಾಯಸ ತಿನ್ನಲು ಮಾತ್ರ ಹೊರಬರುತ್ತಿದ್ದವು.

"ಅಜೀ, ನನ್ನ ಪಾತ್ರೆಗಳಂತೂ ಹಂಗೇ ಸಾಯಲಿ. ಇದಕ್ಕಾದರೂ ಕಲಾಯಿ ಹಾಕಿಕೊಡಿ. ನನ್ನ ಅಮ್ಮ ನನಗೆ ಕೊಟ್ಟಳು, ನಾನು ನನ್ನ ಮಗಳಿಗೆ ಕೊಡಬೇಕು. ಪಾಂಡವಪುರದವರ ಮುಂದೆ ಕಲಾಯಿಯವನ ಮಗಳು ಕಪ್ಪು ಚಮಚ ತಂದಳು ಅನ್ನಿಸಬೇಡಿ" ಎಂದಳು.

"ನಾಳೆ" ಎಂದ ಹಫೀಜ್. ಆದರೆ ಅಂದೇ ಹಾಕಿದ! ಹೆಂಡತಿ ಕೇಳಿದ್ದನ್ನು ಮೊದಲ ಸಲ ಮಾಡಿದನಲ್ಲ ಎಂದು ನೀವು ಮೆಚ್ಚಿಕೊಳ್ಳಬೇಡಿ. ಅವನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು.

ಅದರ ಹಿಂದಿನ ವರ್ಷ ಮೈಸೂರಿನಿಂದ ಟೊಪ್ಪಿ ಹಾಕಿದ ಒಬ್ಬರು ದೊಡ್ಡ ಮನುಷ್ಯರು ಕಾರಿನಲ್ಲಿ ಬಂದು, ಹಳೇ ಕಲ್ಲು ಸೇತುವೆಯ ಕೆಳಗಡೆ ಹೊಳೆಯಲ್ಲಿ ಮೀನು ಹಿಡಿದಿದ್ದರು. ಎರೆಹುಳು ಇಲ್ಲ, ರಾಗಿ ಹಿಟ್ಟಿಲ್ಲ. ಚಮಚದ ಬಾಯಿಯಂತಿದ್ದ ಒಂದು ತಗಡು, ಬಾಲಕ್ಕೆ ಮೂರು ಮುಳ್ಳಿನ ಗಾಳ. ಎಸೆದು ಎಳೆದರೆ ನೀರೊಳಗೆ ತಗಡು ಮಗುಚಿ ಮಗುಚಿ ಮಿಂಚುತ್ತದೆ, ಸಣ್ಣ ಮೀನು ಓಡುತ್ತಿದೆ ಎಂದು ದೊಡ್ಡ ಮೀನು ಬಾಯಿ ಹಾಕುತ್ತದೆ. ಹಫೀಜನ ಕಣ್ಣೆದುರೇ ತೋಳುದ್ದದ ಬಿಳಿ ಮೀನು ಬಿತ್ತು. ಎಲ್ಲರೂ ಮೀನು ನೋಡಿದರೆ ಇವನು ತಗಡು ನೋಡಿದ. ಕೈಗೆ ತೆಗೆದುಕೊಂಡು ಉಗುರಿನಲ್ಲಿ ಕೆರೆದ. ಹೊಳಪು ಸುಲಿದು ಬಂತು.

"ಇಂಥಾ ದರಿದ್ರ ಕಲಾಯಿಗೇ ಮೀನು ಬೀಳ್ತದೆ ಅಂದ್ರೆ ನನ್ನ ಕಲಾಯಿಗೆ ಏನು ಬೀಳಬ್ಯಾಡ!" ಎಂದು ಅವನು ಅಂದಿನಿಂದ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದ. ಹೇಳಿದ್ದೇ ಹೇಳಿದ್ದು. ಟೀ ಅಂಗಡಿಯಲ್ಲಿ ಅವನನ್ನು ಕಂಡರೆ, "ಏನ್ ಸಾಬ್ರೆ, ಎಲ್ಲಿ ನಿಮ್ ಮೀನು?" ಎಂದು ಕೇಳುವುದು ರೂಢಿಯಾಯಿತು. ತಗಡು ಕತ್ತರಿಸಿ ನೋಡಿದ, ಮಗುಚಲಿಲ್ಲ. ಸ್ಟೀಲ್ ಚಮಚಕ್ಕೆ ತವರ ಅಂಟಿಸಲು ಹೋದ, ಅದು ಸರಿಯಾಗಿ ಕೂರಲಿಲ್ಲ. ಸ್ಟೀಲಿಗೆ ಇನ್ನೊಂದಿಷ್ಟು ಶಾಪ ಹಾಕಿದ. ಇಂಥ ಹೊತ್ತಿನಲ್ಲಿ ಈ ಆರು ಚಮಚ ಕೈಗೆ ಬಂದದ್ದು.

ಒಳಮೈಗೆ ಬೆಳ್ಳಗೆ ಕಲಾಯಿ, ಹೊರಮೈ ಹಿತ್ತಾಳೆಯದೇ ಹಳದಿ. ಬೆಳಕಿಗೆ ತಿರುಗಿಸಿದ. ಒಮ್ಮೆ ಬಿಳಿ, ಒಮ್ಮೆ ಹಳದಿ. ಮೀನಿನ ಹೊಟ್ಟೆ, ಮೀನಿನ ಬೆನ್ನು! ಒಂದೇ ಒಂದನ್ನು ಹೊಳೆಗೆ ಬಿಟ್ಟು ನೋಡಿ ತಂದಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ದಾರಕ್ಕೆ ಹಿಡಿಯ ತುದಿಯಲ್ಲಿ ಒಂದು ಸಣ್ಣ ತೂತು, ಗಾಳಕ್ಕೆ ಬಾಯಿಯ ಅಂಚಿನಲ್ಲಿ ಒಂದು ಸಣ್ಣ ತೂತು. ಆಮೇಲೆ ತವರದಲ್ಲಿ ಮುಚ್ಚಿದರಾಯಿತು. ಕಲಾಯಿಯವನಿಗೆ ತೂತು ಮುಚ್ಚುವುದು ಒಂದು ಕೆಲಸವೇ?

ಹೊಳೆಯ ದಡದಲ್ಲಿ ಕಿರಂಗೂರಿನ ನರಸಯ್ಯ ಕೂತಿದ್ದ. ಎರಡೆಮ್ಮೆ, ಮುಕ್ಕಾಲೆಕರೆ ಗದ್ದೆ, ನಲವತ್ತು ವರ್ಷದ ಗಾಳ; ಅವನ ಆಸ್ತಿ ಇಷ್ಟು. ರಾಗಿ ಹಿಟ್ಟನ್ನು ಮುದ್ದೆ ಕಟ್ಟಿ ಮತ್ತೆ ನೀರಲ್ಲಿ ಬೇಯಿಸಿ ರಬ್ಬರಿನಂತೆ ಗಟ್ಟಿ ಮಾಡಿ ಗಾಳಕ್ಕೆ ಮೆತ್ತುವುದರಲ್ಲಿ ಆ ಕಡೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ನೀರು ಕದಡಿದ್ದರೆ ಎರೆಹುಳು, ತಿಳಿಯಾಗಿದ್ದರೆ ಹಿಟ್ಟು, ಸಂಜೆಯ ತಂಪಿಗೆ ಜೀವಂತ ಸಣ್ಣ ಮೀನು, ಹೀಗೆ ಹೊಳೆಯ ಬಣ್ಣ ನೋಡಿ ಬದಲಾಯಿಸುವನು. ಹಫೀಜ್ ಚೀಲದಿಂದ ಚಮಚ ತೆಗೆದಾಗ ನರಸಯ್ಯನ ಬೀಡಿ ಬಾಯಿಂದ ಜಾರಿತು.

"ಏನ್ಲಾ ಅಫೀಜ, ಮೀನಿಗೆ ಪಾಯಸ ತಿನ್ಸಕ್ಕೆ ಬಂದಿದ್ದೀಯಾ?"

"ನಗು ನರಸಣ್ಣ, ನಗು. ಸಂಜೆಗೆ ನಿನ್ ಮನೆಗೂ ಒಂದು ತುಂಡು ಕಳಿಸ್ತೀನಿ."

ಹಾಲಿನ ಪುಡಿ ಡಬ್ಬಕ್ಕೆ ಸುತ್ತಿದ್ದ ನೈಲಾನ್ ದಾರವನ್ನು ಬಿಚ್ಚಿ, ಚಮಚವನ್ನು ತಲೆಯ ಮೇಲೆ ಗಿರಗಿರ ತಿರುಗಿಸಿ, ಸೇತುವೆಯ ಕೆಳಗೆ ಎರಡು ದೊಡ್ಡ ಬಂಡೆಗಳ ನಡುವಿನ ಮಡುವಿಗೆ ಎಸೆದ. ಎಳೆದ. ಚಮಚ ಚೆನ್ನಾಗಿ ಮಗುಚಿತು, ಅದನ್ನು ನಾನೂ ಒಪ್ಪುತ್ತೇನೆ. ಮೂರನೆಯ ಎಸೆತಕ್ಕೆ ದಾರ ಗಕ್ಕನೆ ನಿಂತಿತು. ಹಫೀಜ್ ಜಗ್ಗಿದ. ಆ ಕಡೆಯಿಂದಲೂ ಜಗ್ಗಿತು! ಸಡಿಲ ಬಿಟ್ಟರೆ ಎಳೆಯಿತು, ಎಳೆದರೆ ಇತ್ತ ಬಂತು, ಮತ್ತೆ ಎಳೆಯಿತು. "ಯಾ ಅಲ್ಲಾ! ನರಸಣ್ಣ, ಬಾ! ಬಂತು, ದೊಡ್ಡದು!" ಎಂದು ಕೂಗುವಷ್ಟರಲ್ಲಿ ಪಟ್ಟೆಂದು ದಾರ ಕಿತ್ತು ಮುಖಕ್ಕೆ ಬಡಿಯಿತು. ಚಮಚವೂ ಇಲ್ಲ, ಮೀನೂ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅವನು ಐದು ಚಮಚದ ಯಜಮಾನನಾಗಿ, ಹೆಂಡತಿಯ ಕೈಯಲ್ಲಿ ನಾಲ್ಕು ಮಾತು ಅನ್ನಿಸಿಕೊಂಡು ಬಚಾವಾಗುತ್ತಿದ್ದ. ನಿಲ್ಲಿಸಿಯಾನೇ! ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಅವನಿಗೊಂದು ತರ್ಕ ಹೊಳೆಯಿತು. ಆ ಮೀನು ಎಲ್ಲೂ ಹೋಗುವುದಿಲ್ಲ, ದೊಡ್ಡ ಮೀನು ಮಡು ಬಿಡುವುದಿಲ್ಲ. ಚಮಚ ಅದರ ದವಡೆಯಲ್ಲೇ ಇದೆ. ಮೀನು ಹಿಡಿದರೆ ಚಮಚವೂ ಬಂತು, ಮಾನವೂ ಬಂತು. ಹಿಡಿಯುವುದು ಯಾವುದರಲ್ಲಿ? ಅದಕ್ಕೆ ರುಚಿ ಹತ್ತಿರುವುದು ಈ ಚಮಚದ್ದೇ. ಆದ್ದರಿಂದ ಎರಡನೆಯ ಚಮಚ! ಇದನ್ನು ಕೇಳಿ ನೀವು ನಗುತ್ತೀರಿ. ಅವನು ಮಾತ್ರ ನಗಲಿಲ್ಲ, ಹಲ್ಲು ಕಚ್ಚಿ ಎರಡನೆಯದಕ್ಕೂ ತೂತು ಹೊಡೆದ.

ಈ ಸಲ ದಾರ ದಪ್ಪನೆಯದು, ಮೈಸೂರಿನಿಂದ ತರಿಸಿದ್ದು. ಸಂಜೆಯ ಇಳಿಬಿಸಿಲಿಗೆ ಹೋದ. ಮತ್ತೆ ಅದೇ ಮಡು, ಅದೇ ಗಕ್ಕನೆ ನಿಲ್ಲುವುದು, ಅದೇ ಜೀವಂತ ಎಳೆತ. ಅರ್ಧ ಗಂಟೆ ಎಳೆದಾಡಿದ. ಅಂಗೈ ಕೊಯ್ದು ರಕ್ತ ಬಂತು. ಗಂಟು ಬಿಚ್ಚಿಕೊಂಡು ಚಮಚ ಹೋಯಿತು.

"ಲೇ, ಒಂದ್ ಮಾತು ಏಳ್ತೀನಿ ಕೇಳ್ಲಾ" ಎಂದು ನರಸಯ್ಯ ಅಂದು ಅವನ ಅಂಗೈಗೆ ಗರಿಕೆ ಅರೆದು ಕಟ್ಟುತ್ತಾ ಹೇಳಿದ. "ಅದು ಮೀನೋ ಕಲ್ಲೋ ಆ ದ್ಯಾವ್ರಿಗೇ ಗೊತ್ತು. ಜಾಗ ಬದ್ಲಾಯ್ಸು. ಆ ಮಡು ಬುಟ್ಬುಡು, ಕೆಳೀಕ್ ಬಾ, ನೀರು ತೆಳ್ಳಗೆ ಅರಿಯೋ ತಾವ ಎಸಿ. ಇನ್ನೊಂದು, ನೀರು ತಿಳಿ ಅದೆ. ಇಂಥಾ ನೀರಲ್ಲಿ ಫಳಫಳ ಅನ್ನೋದ್ ಕಂಡ್ರೆ ಮೀನು ಎದ್ರುಕತ್ತದೆ. ಚಮಚಕ್ಕೆ ಒಂಚೂರು ಮಸಿ ಬಳಿ."

"ಏನಂದೆ?"

"ಮಸಿ ಕಣ್ಲಾ. ಒಲೆ ಮಸಿ. ಮಂಕಾಗಿರ್ಬೇಕು ಅದು."

ಹಫೀಜ್ ಕೈ ಕಿತ್ತುಕೊಂಡು ಎದ್ದು ನಿಂತ. "ನರಸಣ್ಣ, ಮೂವತ್ತೈದು ವರ್ಷ ಮಸಿ ತೆಗೆದು ಬದುಕಿದೋನು ನಾನು. ನನ್ನ ಕೈಯಲ್ಲಿ ಮಸಿ ಬಳಿಸ್ತೀಯಾ? ನನ್ನ ಅಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಹೊಡೀತಾನೆ!"

"ಒಡೀಲಿ ಬುಡು, ಬುದ್ಧಿಯಾದ್ರೂ ಬತ್ತದೆ" ಎಂದು ನರಸಯ್ಯ ತನ್ನ ಗಾಳ ಎಳೆದುಕೊಂಡ. ಅದರಲ್ಲಿ ಮೊಳದುದ್ದದ ಗೆಂಡೆ ಮೀನು ಒದ್ದಾಡುತ್ತಿತ್ತು. ಹಫೀಜನಿಗೆ ಆ ಗಳಿಗೆಯಲ್ಲಿ ನರಸಯ್ಯನನ್ನೂ ಗೆಂಡೆಯನ್ನೂ ಒಟ್ಟಿಗೆ ಹೊಳೆಗೆ ತಳ್ಳಬೇಕೆನಿಸಿತು.

ಮೂರನೆಯದು ರಮ್ಜಾನಿಗೆ ಮೊದಲು ಹೋಯಿತು, ನಾಲ್ಕನೆಯದು ಈದ್ ಹಬ್ಬದ ಮಾರನೆಯ ವಾರ. ಆ ಈದ್ ಹಬ್ಬದ ಬೆಳಿಗ್ಗೆ ಏನು ಅವಸ್ಥೆ ಅಂತೀರಿ! ಶೀರ್ ಖುರ್ಮಾ ಬಟ್ಟಲಿಗೆ ಸುರಿದು ಶಾಹಜಹಾನ್ ಬೇಗಂ, "ಚಮಚ ತನ್ನಿ" ಎಂದಳು.

"ಅದು ಮಗಳಿಗೆ ಕೊಡೋದಲ್ವಾ, ಮತ್ತೆ ಎಂಜಲು ಯಾಕೆ ಮಾಡ್ತೀಯ? ಹೊಸದಾಗಿ ಕಲಾಯಿ ಹಾಕಿಟ್ಟಿದ್ದೀನಿ, ಮದುವೆ ದಿನವೇ ತೆಗೆಯೋಣ" ಎಂದ ಹಫೀಜ್.

ಅವಳು ಒಂದು ಕ್ಷಣ ಅವನನ್ನೇ ನೋಡಿ, "ಇದೊಂದಾದರೂ ಸರಿಯಾಗಿ ಯೋಚನೆ ಮಾಡಿದ್ದೀರಿ" ಎಂದು ಸ್ಟೀಲ್ ಚಮಚ ತಂದಳು. ಹಬ್ಬದ ದಿನ ಹೆಂಡತಿ ಹೊಗಳಿದ್ದು ಗಂಟಲಲ್ಲಿ ಖರ್ಜೂರದ ಬೀಜವಾಗಿ ಕೂತಿತು.

ಐದನೆಯದನ್ನು ಕಳೆದುಕೊಂಡ ದಿನವನ್ನು ವಿವರಿಸಿ ಫಲವಿಲ್ಲ. ದಾರದ ತುದಿಗೆ ಸೈಕಲ್ಲಿನ ಬ್ರೇಕ್ ತಂತಿಯನ್ನೇ ಕಟ್ಟಿಕೊಂಡು ಹೋಗಿದ್ದ. ತಂತಿ ಹಿಡಿಯಿತು, ತಂತಿಗೂ ದಾರಕ್ಕೂ ಹಾಕಿದ ಗಂಟು ಹಿಡಿಯಲಿಲ್ಲ. ಅವನು ದಡದ ಮೇಲೆ ಕೂತು ಡಬ್ಬವನ್ನು ಕಲ್ಲಿಗೆ ಬಡಿದು ಬಡಿದು ಚಪ್ಪಟೆ ಮಾಡಿದ. ಮೀನಿಗೆ ಬೈದ, ಅದರ ವಂಶಕ್ಕೆ ಬೈದ, ಮೈಸೂರಿನ ಟೊಪ್ಪಿಯವರಿಗೆ ಬೈದ. ತನಗೆ ತಾನು ಬೈದುಕೊಳ್ಳುವುದೊಂದು ಬಾಕಿ ಉಳಿಯಿತು.

ನಿಕಾಹಿಗೆ ಇನ್ನು ಹದಿನೈದು ದಿನ. ಹಫೀಜ್ ಉಳಿದ ಒಂದು ಚಮಚವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿದ. ಅಲ್ಲಿಯ ಕಂಚುಗಾರರಲ್ಲಿ ಅವನಿಗೆ ಹಳೆಯ ಪರಿಚಯವಿತ್ತು. ಒಬ್ಬ ವಯಸ್ಸಾದವನು ಚಮಚವನ್ನು ತಿರುಗಿಸಿ ನೋಡಿ, "ಇದು ನಮ್ಮ ದೊಡ್ಡಪ್ಪನ ಕೈ ಕಣ್ರೀ ಸಾಬ್ರೆ. ಈ ಹೂವು ಅವರದೇ" ಎಂದ.

"ಇಂಥವು ಐದು ಬೇಕಿತ್ತು. ಹದಿನೈದು ದಿನದೊಳಗೆ."

"ಚೆನ್ನಾಗ್ ಏಳಿದ್ರಿ! ನಾವೀಗ ದೀಪ, ದೇವ್ರ ವಿಗ್ರಹ ಬುಟ್ರೆ ಬ್ಯಾರೆ ಮಾಡಲ್ಲ. ಅಚ್ಚು ತೆಗೀಬೇಕು, ಎರಕ ಹುಯ್ಬೇಕು, ಉಜ್ಜಬೇಕು. ಆ ಹೂವು ಕೊರೆಯೋ ಕೈ ಈಗಿಲ್ಲ. ಈ ಚಮಚ ಇಲ್ಲೇ ಬುಟ್ಟೋಗಿ, ಶ್ರಾವಣಕ್ಕೆ ನೋಡಾನ." ಅವನು ಮತ್ತೊಮ್ಮೆ ಚಮಚವನ್ನು ಬೆಳಕಿಗೆ ಹಿಡಿದು, "ಅಬ್ಬಬ್ಬ, ಕಲಾಯಿ ಯಾರದು? ಬಲು ಸೊಗಸಾಗದೆ" ಎಂದ.

ಬೇರೆ ದಿನವಾಗಿದ್ದರೆ ಆ ಮಾತಿಗೆ ಹಫೀಜ್ ಒಂದು ವಾರ ಬೀಗುತ್ತಿದ್ದ. ಅಂದು ಅಳು ಬಂತು. ಚಮಚ ಕಿತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ದಾರಿಯಲ್ಲಿ ಕಂಡದ್ದೆಲ್ಲಾ ಸ್ಟೀಲ್ ಪಾತ್ರೆಯ ಅಂಗಡಿಗಳೇ. ಬಿಸಿಲಿಗೆ ಫಳಫಳ ಹೊಳೆಯುತ್ತಾ ನೇತಾಡುತ್ತಿದ್ದವು, ಹಾಳಾದವು.

ಮನೆಯಲ್ಲಿ ಶಾಹಜಹಾನ್ ಬೇಗಂ ದಿನಕ್ಕೊಮ್ಮೆ ಕೇಳಲು ಶುರು ಮಾಡಿದ್ದಳು. "ಚಮಚ ತಂದುಕೊಡಿ, ಬೇರೆ ಸಾಮಾನಿನ ಜೊತೆ ಕಟ್ಟಿಡಬೇಕು." "ನಾಳೆ." "ಎಲ್ಲಿಟ್ಟಿದ್ದೀರಿ ಹೇಳಿ, ನಾನೇ ತಗೋತೀನಿ." "ನಾಳೆ ಅಂದೆನಲ್ಲ!" ಮೆಹನಾಜ್ ಅಪ್ಪನ ಮುಖ ನೋಡಿ ಏನೋ ಅನುಮಾನಪಟ್ಟು, "ಅಬ್ಬಾ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿದಳು. ಅದು ಇನ್ನೂ ಕಷ್ಟವಾಯಿತು.

ಕೊನೆಗೆ ಆರನೆಯದಕ್ಕೂ ತೂತು ಕೊರೆದು ತೆಗೆದುಕೊಂಡು ಹೊಳೆಗೆ ಹೋದ. ಈ ಸಲ ನರಸಯ್ಯ ಹೇಳಿದ್ದೆಲ್ಲಾ ಮಾಡುತ್ತೇನೆ ಎಂದು ತೀರ್ಮಾನಿಸಿದ್ದ. ಸುಟ್ಟ ತೆಂಗಿನ ಚಿಪ್ಪಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಪೊಟ್ಟಣ ಕಟ್ಟಿಕೊಂಡು ಬಂದಿದ್ದ. ದಡದಲ್ಲಿ ಕೂತು, ಬೆರಳಿಗೆ ಮಸಿ ಹಚ್ಚಿಕೊಂಡು, ಚಮಚದ ಬಿಳಿಯ ಮೇಲೆ ಒಂದು ಗೆರೆ ಎಳೆದ. ಅಷ್ಟೇ. ಆ ಗೆರೆಯನ್ನು ನೋಡಲಾಗಲಿಲ್ಲ ಅವನಿಗೆ. ಅಂಗಿಯ ಅಂಚಿನಿಂದ ಉಜ್ಜಿ ಉಜ್ಜಿ ಒರೆಸಿ ಮತ್ತೆ ಬೆಳ್ಳಗೆ ಮಾಡಿದ. ಹೊಳೆಯುವ ಚಮಚವನ್ನು ಎಸೆಯಲು ಕೈ ಎತ್ತಿದ. ಎಸೆಯುವುದಕ್ಕೂ ಕೈ ಬರಲಿಲ್ಲ. ಹಾಗೇ ಜೇಬಿಗೆ ಹಾಕಿಕೊಂಡು, ಮಸಿಯಾದ ಅಂಗಿಯಲ್ಲಿ ಮನೆಗೆ ಬಂದ.

"ಯಾವ ಕೆಲಸ ಮಾಡಿ ಮಸಿ ಮಾಡ್ಕೊಂಡು ಬಂದ್ರಿ?" ಎಂದಳು ಹೆಂಡತಿ. ಅವನು ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿದ.

ಬಕ್ರೀದ್ ಆದ ಐದನೆಯ ದಿನ ಮೇಲೆ ಕನ್ನಂಬಾಡಿ ಕಟ್ಟೆಯಲ್ಲಿ ಏನೋ ರಿಪೇರಿ ಎಂದು ನೀರು ನಿಲ್ಲಿಸಿದರು. ಹೊಳೆ ಎರಡು ದಿನದಲ್ಲಿ ಬತ್ತಿ, ಹೊಟ್ಟೆಯೊಳಗಿನ ಬಂಡೆಗಳೆಲ್ಲಾ ಹೊರಗೆ ಬಂದವು. ಗುರುವಾರ ಬೆಳಿಗ್ಗೆ ನರಸಯ್ಯ ಎಮ್ಮೆ ಹಾಲು ಕೊಡಲು ಪೇಟೆಗೆ ಬಂದವನು ಹಫೀಜನ ಮನೆ ಬಾಗಿಲಲ್ಲಿ ನಿಂತು ಸನ್ನೆ ಮಾಡಿದ. "ಬಾರ್ಲಾ. ನಿನ್ ಮೀನು ಮಾತಾಡ್ಸ್ಕಂಡ್ ಬರಾನ."

ಮಡುವಿನಲ್ಲಿ ಮೊಣಕಾಲುದ್ದ ನೀರಿತ್ತು. ಪಾಚಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಪಂಚೆ ಎತ್ತಿ ಕಟ್ಟಿ ಇಬ್ಬರೂ ಇಳಿದರು. ಎರಡು ಬಂಡೆಗಳ ಸಂದಿಯಲ್ಲಿ, ಯಾವುದೋ ವರ್ಷದ ಪ್ರವಾಹದಲ್ಲಿ ಯಾರೋ ಕಳೆದುಕೊಂಡ ಒಂದು ನೈಲಾನ್ ಬಲೆ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಕಡ್ಡಿ, ಕಸ, ಪಾಚಿ ತುಂಬಿ ಅದು ಗೋಣಿಯಷ್ಟು ದಪ್ಪವಾಗಿತ್ತು. ನೀರು ತುಂಬಿದಾಗ ಪ್ರವಾಹಕ್ಕೆ ಹಿಗ್ಗಿ ಕುಗ್ಗಿ, ಎಳೆದರೆ ಬಂದು, ಬಿಟ್ಟರೆ ಹಿಂದಕ್ಕೆ ಹೋಗಿ, ಐದು ತಿಂಗಳು ಹಫೀಜನ ಜೊತೆ ಹಗ್ಗ ಜಗ್ಗಾಟವಾಡಿದ್ದು ಅದೇ. ಅದರ ಮೈಮೇಲೆ ಅಲ್ಲೊಂದು ಇಲ್ಲೊಂದು ಐದೂ ಚಮಚಗಳು ಅಂಟಿಕೊಂಡಿದ್ದವು.

ನರಸಯ್ಯ ಬಂಡೆಯ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದು ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. "ಬಲೆಗೇ ಗಾಳ ಆಕ್ದೋನು ಈ ಪರ್ಪಂಚದಲ್ಲಿ ನೀನೊಬ್ನೇ ಕಣ್ಲಾ!"

ಹಫೀಜ್ ನಗಲಿಲ್ಲ, ಬೈಯಲೂ ಇಲ್ಲ. ಮೀನೇ ಇರಲಿಲ್ಲ. ಟೀ ಅಂಗಡಿಯಲ್ಲಿ ತೋಳು ಚಾಚಿ ಚಾಚಿ ಅಳತೆ ತೋರಿಸಿದ ಆ ಮೀನು, ಅರ್ಧ ಗಂಟೆ ಎಳೆದಾಡಿದ ಆ ಮೀನು, ಒಂದು ದಿನವೂ ಇರಲಿಲ್ಲ. ಅವನು ನೀರಲ್ಲೇ ಕೂತ. ಒಂದೊಂದೇ ಚಮಚ ಬಿಡಿಸಿದ. ಒಂದರ ಗಾಳದ ಮುಳ್ಳು ನೆಟ್ಟಗಾಗಿತ್ತು. "ಇದು ನೋಡು ನರಸಣ್ಣ, ಇದನ್ನ ಮಾತ್ರ ಮೀನೇ ಎಳೆದಿರೋದು" ಎಂದ.

"ಊ ಕಣಪ್ಪ, ಮೀನೇ" ಎಂದು ನರಸಯ್ಯ ಕಣ್ಣೊರೆಸಿಕೊಂಡ. ಆಮೇಲೆ ನಗು ನಿಲ್ಲಿಸಿ ಒಂದು ಚಮಚ ಎತ್ತಿ ಹೆಬ್ಬೆರಳಲ್ಲಿ ಪಾಚಿ ಸರಿಸಿದ. ಒಳಗಿನಿಂದ ಬೆಳ್ಳಗೆ ಬಿಸಿಲು ಹೊಡೆಯಿತು. ಐದು ತಿಂಗಳು ನೀರಲ್ಲಿ, ಕೆಸರಲ್ಲಿ ಬಿದ್ದಿದ್ದರೂ ಕಲಾಯಿ ಒಂದೆಳೆ ಸುಲಿದಿರಲಿಲ್ಲ. "ಆದ್ರೂ ನಿನ್ ಕೈ ಕೈನೇ ಬುಡ್ಲಾ" ಎಂದ ಮೆಲ್ಲಗೆ.

ಆ ದಿನ ಹಫೀಜ್ ಶೆಡ್ಡಿನ ಬಾಗಿಲು ಹಾಕಿಕೊಂಡು ಐದು ಚಮಚದ ಹತ್ತು ತೂತನ್ನು ತವರದಿಂದ ತುಂಬಿ ಉಜ್ಜಿ ಸಮ ಮಾಡಿದ. ಆರನೆಯದನ್ನೂ ಆಗಲೇ ಕೊರೆದಿದ್ದನಲ್ಲ, ಅದರ ಎರಡನ್ನೂ ಮುಚ್ಚಿದ. ಶುಕ್ರವಾರ ನಮಾಜ್ ಮುಗಿಸಿ ಬಂದು ಆರನ್ನೂ ಹೆಂಡತಿಯ ಮುಂದೆ ಚಾಪೆಯ ಮೇಲೆ ಸಾಲಾಗಿ ಇಟ್ಟ.

ಶಾಹಜಹಾನ್ ಬೇಗಂ ಒಂದನ್ನು ಎತ್ತಿಕೊಂಡಳು. ಮಗಳನ್ನು ಕರೆದಳು. ಮೆಹನಾಜ್ ನೋಡಿ, "ಅಮ್ಮೀ, ಬೆಳ್ಳಿ ಥರ ಇದೆ!" ಎಂದು ಕಣ್ಣರಳಿಸಿದಳು. ತಾಯಿ ಚಮಚದ ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. ಇಪ್ಪತ್ತಾರು ವರ್ಷ ಪಾತ್ರೆ ತೊಳೆದ ಬೆರಳಿಗೆ ಕಣ್ಣು ಬೇಕಿಲ್ಲ.

"ಇದೇನಿದು ಚುಕ್ಕೆ?"

"ಎಲ್ಲಿ?"

"ಇಲ್ಲಿ. ಇಲ್ಲೂ. ಆರರಲ್ಲೂ ಇದೆ. ತೂತು ಮುಚ್ಚಿದ್ದೀರಿ. ಯಾಕೆ ತೂತಾಯ್ತು?"

ಹಫೀಜ್ ಸುಳ್ಳು ಹುಡುಕಿದ. ಸಿಕ್ಕಿದ ಸುಳ್ಳುಗಳೆಲ್ಲಾ ಕೈಯಲ್ಲೇ ಮುರಿದವು. ಕೊನೆಗೆ ನೆಲ ನೋಡುತ್ತಾ ಎಲ್ಲವನ್ನೂ ಹೇಳಿಬಿಟ್ಟ. ಮೈಸೂರಿನ ತಗಡಿನಿಂದ ಹಿಡಿದು ಬಲೆಯವರೆಗೆ ಒಂದನ್ನೂ ಬಿಡಲಿಲ್ಲ. ಮೆಹನಾಜ್ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು, ನಗುವುದಕ್ಕೋ ಅಳುವುದಕ್ಕೋ. ಹೆಂಡತಿ ಕೂಗಾಡುತ್ತಾಳೆ ಎಂದು ಅವನು ಕಾದ. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಆರೂ ಚಮಚಗಳನ್ನು ಮಡಿಲಿಗೆ ಹಾಕಿಕೊಂಡು, ಒಂದನ್ನು ಮುಖದ ಹತ್ತಿರ ಹಿಡಿದಳು. ಅದರೊಳಗೆ ಅವಳ ಮುಖ ಕಾಣುತ್ತಿತ್ತು.

"ನೀರಲ್ಲಿ ಐದು ತಿಂಗಳು ಇದ್ದರೂ ಹೀಗಿದೆಯಾ?"

"ಹೂಂ."

"ಹೀಗೆ ಹಾಕೋಕೆ ಬರತ್ತೆ ಅಂತಾಯ್ತು ನಿಮಗೆ." ಅವಳು ಚಮಚವನ್ನು ಕೆಳಗಿಟ್ಟಳು. "ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ನನ್ನ ಒಂದು ಪಾತ್ರೆಗಾದರೂ ಇಂಥಾ ಕಲಾಯಿ ಹಾಕಿದ್ದೀರಾ? ಮೀನಿಗೆ ಹಾಕಿದಿರಿ. ಅದೂ ಇಲ್ಲದ ಮೀನಿಗೆ."

ಅವಳು ಎದ್ದು ಒಳಗೆ ಹೋದಳು. ಹಫೀಜ್ ಚಾಪೆಯ ಮೇಲೆ ಕೂತೇ ಇದ್ದ. ಅಲ್ಲಿಂದ ಅಡುಗೆಮನೆಯ ಗೋಡೆ ಕಾಣುತ್ತಿತ್ತು. ಗೋಡೆಯುದ್ದಕ್ಕೂ ಬೋರಲು ಹಾಕಿದ ಪಾತ್ರೆಗಳು, ಒಂದಕ್ಕಿಂತ ಒಂದು ಕಪ್ಪು. ಅವು ಅಲ್ಲಿವೆ ಎಂಬುದೇ ಅವನಿಗೆ ಆಗ ಕಂಡದ್ದು.

ಮಾರನೆಯ ಬೆಳಿಗ್ಗೆ, ಮದುವೆಗೆ ಒಂದೇ ದಿನ ಇರುವಾಗ, ಬೆಕ್ಕನ್ನು ಎಬ್ಬಿಸಿ ತಿದಿಯನ್ನು ಅಂಗಳಕ್ಕೆ ಎಳೆದು ತಂದ. ಗುಂಡಿ ತೋಡಿ ಇದ್ದಿಲು ಹೊತ್ತಿಸಿದ. ಯಾರನ್ನೂ ಕೇಳದೆ ಬಿರಿಯಾನಿ ದೇಗ್ಚಿಯನ್ನು ಹೊತ್ತು ತಂದು ಮರಳು ಹಾಕಿ ಕಾಲಲ್ಲಿ ತಿಕ್ಕಿದ, ಕಾಯಿಸಿದ, ನವಸಾಗರ ಉದುರಿಸಿದ, ತವರ ಬಳಿದ. ಬಿಳಿ ಹೊಗೆ ಎದ್ದು ಬೀದಿಗೆಲ್ಲಾ ಗೊತ್ತಾಯಿತು. ಶಾಹಜಹಾನ್ ಬೇಗಂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಬರಲಿಲ್ಲ. ದೇಗ್ಚಿ ಆರಿದ ಮೇಲೆ ಬಂದಳು. ಅದನ್ನು ಎತ್ತಿ ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಪರವಾಗಿಲ್ಲ" ಎಂದಳು. "ಚಮಚದಷ್ಟು ಬಂದಿಲ್ಲ."

ಹಫೀಜ್ ದೇಗ್ಚಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಬೆಂಕಿಯ ಮೇಲಿಟ್ಟ.